ಸಿಂಗಾಪುರಕ್ಕೊಂದು ಪಾಲಿಸಿ

ವಿಮೆಯ ಅರ್ಜಿಯಲ್ಲಿ 'ಈಗಿರುವ ಕಾಯಿಲೆಗಳು' ಎಂಬ ಜಾಗದಲ್ಲಿ ನಾಗವೇಣಿ ಗಂಡನ ಬಿ.ಪಿ.ಯನ್ನು ಬರೆದದ್ದೇ ತಪ್ಪಾಯಿತು.

"ಯಾರು ಹೇಳಿದ್ದು ನಂಗೆ ಬಿ.ಪಿ. ಅಂತ?" ಚಂದ್ರಶೇಖರ ಕೂಗಿದ ರಭಸಕ್ಕೆ, ಅದುವರೆಗೆ ಇಲ್ಲದಿದ್ದರೂ ಆಗ ಬಂದಿರಬೇಕು.

"ಡಾಕ್ಟ್ರು. ನಾಲ್ಕು ವರ್ಷದಿಂದ ನಿಮಗೆ ಮಾತ್ರೆ ನುಂಗಿಸ್ತಿರೋದು ನಾನೇ ಅಲ್ವಾ?"

"ಹೊರಡೋ ಮೊದ್ಲೇ ಆಸ್ಪತ್ರೆ, ಆಪರೇಷನ್ನು, ಹೆಣ ತರೋ ಖರ್ಚು! ಇದೇನು ಟೂರಿನ ಕಾಗದವೋ ತಿಥಿ ಕಾಗದವೋ? ನಾನು ಸೈನ್ ಹಾಕಲ್ಲ."

ಅದು ಕಾಫಿಗೆ ಮತ್ತೆ ರೇಟು ಬಂದ ವರ್ಷ. ಗಿಡಗಳಲ್ಲಿ ಹೂವರಳಿಸುವ ಬೇಸಿಗೆಯ ಹೂಮಳೆ ಮುಗಿದದ್ದೇ ತಡ, ಕಳಸ, ಮೂಡಿಗೆರೆ ಕಡೆಯ ಪ್ಲಾಂಟರುಗಳು ಗುಂಪು ಕಟ್ಟಿಕೊಂಡು ಸಿಂಗಾಪುರಕ್ಕೆ ಹೊರಡುತ್ತಿದ್ದರು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾಗವೇಣಿ ಗಂಡನ ಜೊತೆ ಹೋದ ಅತಿ ದೂರದ ಊರು ಧರ್ಮಸ್ಥಳ, ಅದೂ ಅತ್ತೆಯ ಹರಕೆಗೆ. ಈಗ ಅವಳಿಗೊಂದು ಪಾಸ್‌ಪೋರ್ಟು ಬಂದಿತ್ತು. ಅದನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು. ಅವಳಿಗೆ ಎತ್ತರದ ಕಟ್ಟಡಗಳ ಆಸೆಯೇನೂ ಇರಲಿಲ್ಲ. ಎಂಟು ದಿನ ಬೇರೆಯವರು ಬಡಿಸಿದ್ದನ್ನು ತಿನ್ನುವುದು, ತಿನ್ನುವಾಗ ಮಧ್ಯದಲ್ಲಿ ಏಳದಿರುವುದು. ಅವಳ ಸಿಂಗಾಪುರ ಇಷ್ಟೇ.

ಹೊರಡಲು ಇನ್ನೂ ಹದಿನೈದು ದಿನವಿತ್ತು. ಆದರೆ ಟೂರಿನವರಿಗೆ ಹೆಸರು, ಕಾಗದಪತ್ರ ಸೇರಿಸಲು ಅವತ್ತೇ ಕಡೆಯ ದಿನ. ವಿಮೆ ಏಜೆಂಟ್ ಬಸವರಾಜಪ್ಪ ಎರಡು ಅರ್ಜಿ ಹಿಡಿದು ಮೂಡಿಗೆರೆಯಿಂದ ಸ್ಕೂಟರಿನಲ್ಲಿ ಬಂದು, ಜಗಲಿಯಲ್ಲಿ ಮೂರನೇ ಲೋಟ ಕಾಫಿ ಕುಡಿಯುತ್ತಿದ್ದ.

"ಅಕ್ಕಾ, ನಿಮ್ಮ ಸೈನ್ ಆಯ್ತು. ಸಾಹುಕಾರ್ರದ್ದು ಮಧ್ಯಾಹ್ನದೊಳಗೆ ಆಗ್ಬೇಕು."

ನಾಗವೇಣಿ ಪಕ್ಕದ ಎಸ್ಟೇಟಿನ ತಿಮ್ಮಮ್ಮನಿಗೆ ಫೋನ್ ಮಾಡಿದಳು. "ನೀವು ಹೋಗಿ ಬಂದವ್ರು. ಇವರಿಗೆ ಸ್ವಲ್ಪ ಹೇಳಿ. ಸ್ವಲ್ಪ ಹೆದರ್ಸಿದ್ರೂ ಪರವಾಗಿಲ್ಲ."

ಆ ಕೊನೆಯ ಮಾತು ತಿಮ್ಮಮ್ಮನಿಗೆ ಬಹಳ ಹಿಡಿಸಿತು. ಐದೇ ನಿಮಿಷದಲ್ಲಿ ಜೀಪು ಅಂಗಳಕ್ಕೆ ಬಂತು. ಅದರಲ್ಲಿ ಅವರ ಅಣ್ಣ ಶಿವಯ್ಯನೂ ಇದ್ದರು; ಹೋದ ವರ್ಷ ಅವರೆಲ್ಲ ಒಟ್ಟಿಗೇ ಬ್ಯಾಂಕಾಕಿಗೆ ಹೋಗಿ ಬಂದವರು.

"ಚಂದ್ರಣ್ಣ, ನಮ್ಮನೆಯವ್ರು ಬ್ಯಾಂಕಾಕಲ್ಲಿ ಜಾರಿ ಬಿದ್ರಲ್ಲ," ತಿಮ್ಮಮ್ಮ ಕೂರುವ ಮೊದಲೇ ಶುರು ಮಾಡಿದರು, "ಕಾಲಿಗೊಂದು ಪಟ್ಟಿ ಹಾಕಿದ್ದಕ್ಕೆ ಒಂದು ಲೋಡ್ ಪಾರ್ಚ್‌ಮೆಂಟ್ ಕಾಫಿ ಮಾರಿದ ದುಡ್ಡು ಹೋಯ್ತು. ಇನ್ಶೂರೆನ್ಸ್ ಮಾಡ್ಸಿದ್ರೆ ಎಲ್ಲ ಕಂಪನಿಯೋರೇ ಕಟ್ತಿದ್ರು."

"ದುಡ್ಡು ಬಿಡಿ ಮಾರಾಯ್ರೇ," ಎಂದರು ಶಿವಯ್ಯ. "ಅಲ್ಲಿ ನೋವು ಎಲ್ಲಿ ಅಂತ ಹೇಳೋದು ಹೇಗೆ? ನಾನು ಹೊಟ್ಟೆ ಹಿಡ್ಕೊಂಡು ತೋರ್ಸಿದೆ. ಹಸಿವು ಅಂದ್ಕೊಂಡು ದೊಡ್ಡ ಬಟ್ಟಲಲ್ಲಿ ನೂಡಲ್ಸ್ ತಂದಿಟ್ರು. ನಂಗೋ ಹೊಟ್ಟೆನೋವು! ನಿಮಗೆ ಬಿ.ಪಿ. ಏರಿದ್ರೆ ಎಲ್ಲಿ ಮುಟ್ಟಿ ತೋರಿಸ್ತೀರಿ?"

ಚಂದ್ರಶೇಖರನ ಮುಖ ಕಣದಲ್ಲಿ ಒಣಗಲು ಹರವಿದ ಪಾರ್ಚ್‌ಮೆಂಟ್ ಬೀಜದಂತೆ ಬಿಳಿಚಿತು. ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಅವನು ತಲೆ, ಎದೆ, ಕತ್ತು ಮುಟ್ಟಿಕೊಂಡ. ಆಮೇಲೆ ಪೆನ್ನು ಕೇಳಿದ.

ಬಸವರಾಜಪ್ಪ ಅರ್ಜಿಗಳನ್ನು ಎದೆಗವಚಿಕೊಂಡು ಸ್ಕೂಟರ್ ಹತ್ತಿದ. ನಾಗವೇಣಿ ಗೆದ್ದಿದ್ದಳು. ಇಪ್ಪತ್ತಾರು ವರ್ಷಗಳಲ್ಲಿ ಗಂಡ ಅವಳ ಮಾತಿಗೆ ಒಪ್ಪಿದ್ದು ಇದೇ ಮೊದಲು. ಆ ಖುಷಿಗೆ ಅವಳು ಬಂದವರಿಗೆಲ್ಲ ಕಡುಬು, ಕೋಳಿ ಸಾರು ಮಾಡಿ ಬಡಿಸಿದಳು. ಚಂದ್ರಶೇಖರ ಮಾತ್ರ ಎರಡೇ ಕಡುಬಿಗೆ ಎದ್ದು, ಫೋನಿನ ಹತ್ತಿರ ಹೋಗಿ ಬಹಳ ಹೊತ್ತು ಯಾರ್ಯಾರ ಜೊತೆಗೋ ಮಾತಾಡಿದ. ತಿರುಗಿ ಬಂದಾಗ ಅವನ ಮುಖಕ್ಕೆ ರಕ್ತ ಮರಳಿತ್ತು.

"ನಾಗೂ, ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಪರದೇಶದಲ್ಲಿ ಏನಾದ್ರೂ ಆದ್ರೆ ನೋಡೋರು ಯಾರು? ಕಂಪನಿ ದುಡ್ಡು ಕೊಡುತ್ತೆ, ಪಕ್ಕದಲ್ಲಿ ಬಂದು ಕೂರುತ್ತಾ? ಅದಕ್ಕೇ ನಂದನ್‌ನ ಕೇಳ್ದೆ. ಬರ್ತೀನಿ ಅಂದ."

ನಂದನ್ ಅವನ ತಂಗಿಯ ಮಗ.

"ಒಳ್ಳೇದಾಯ್ತು," ಎಂದಳು ನಾಗವೇಣಿ. "ಸೀಟು ಸಿಕ್ತಾ?"

"ಎಲ್ಲಿ ಸಿಗುತ್ತೆ? ನಿನ್ನ ಸೀಟಿಗೆ ಅವನ ಹೆಸರು ಹಾಕ್ಸಿದೆ. ಟೂರಿನವ್ರು ಇವತ್ತಾದ್ರೆ ಆಗುತ್ತೆ ಅಂದ್ರು. ಡಾಕ್ಟ್ರು ಜೊತೇಲಿದ್ರೆ ನಿಂಗೂ ನೆಮ್ಮದಿ."

ಅವಳು ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟಳು. ಬಾಯಿಂದ ಹೊರಟದ್ದು ಇಷ್ಟು: "ಅವನು ದನದ ಡಾಕ್ಟ್ರಲ್ವಾ?"

"ಆದ್ರೇನು? ಎಮ್ಮೆಯಂಥ ಎಮ್ಮೆನೇ ಬದುಕಿಸ್ತಾನೆ!"

ತಿಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡಿ ಶಿವಣ್ಣ, ಗಂಡನ ಜೀವಕ್ಕೋಸ್ಕರ ಸಿಂಗಾಪುರನೇ ಬಿಟ್ಟುಕೊಟ್ಲು. ಇಂಥ ಹೆಂಡ್ತಿ ಸಿಗೋಕೆ ಚಂದ್ರಣ್ಣ ಪುಣ್ಯ ಮಾಡಿರ್ಬೇಕು."

ನಾನು ಬಿಟ್ಟುಕೊಟ್ಟಿಲ್ಲ ಎನ್ನಲು ನಾಗವೇಣಿ ಬಾಯಿ ತೆರೆದಳು. ಮೂವರೂ ಅವಳನ್ನೇ ಮೆಚ್ಚುಗೆಯಿಂದ ನೋಡುತ್ತಿದ್ದರು. ಆ ಮೆಚ್ಚುಗೆಯೊಳಗಿಂದ ಹೊರಗೆ ಬರಲು ಒಂದು ಬಾಗಿಲೂ ಕಾಣದೆ, ಅವಳು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆ, ಬಂದವರೆಲ್ಲ ಹೋದ ಮೇಲೆ, ಬಸವರಾಜಪ್ಪ ಪಾಲಿಸಿ ತಂದ. ಅವಳೊಬ್ಬಳೇ ಅಂಗಳಕ್ಕೆ ಬಂದಳು.

"ತಗೊಳ್ಳಿ ಅಕ್ಕಾ, ನಿಮ್ದು, ಸಾಹುಕಾರ್ರದ್ದು, ಎರಡೂ ಪಾಸು. ಲಗೇಜು ಕಳೆದ್ರೆ, ವಿಮಾನ ತಪ್ಪಿದ್ರೆ, ಹಲ್ಲುನೋವು ಬಂದ್ರೂ ಕಂಪನಿ ಇದೆ. ಇನ್ನು ನೀವು ಯಾವುದಕ್ಕೂ ಹೆದರ್ಬೇಕಾಗಿಲ್ಲ."

ಅವಳು ತನ್ನ ಹೆಸರಿನ ಪಾಲಿಸಿಯ ಪುಟಗಳನ್ನು ನಿಧಾನವಾಗಿ ತಿರುವಿದಳು. "ಬಸವರಾಜಪ್ಪೋರೇ, ಪ್ರಯಾಣ ರದ್ದಾದ್ರೆ ಪರಿಹಾರ ಅಂತ ಇಲ್ಲೊಂದಿದೆಯಲ್ಲ?"

"ಇದೆ. ಹೊರಡೋ ಮುಂಚೆ ಕೈಕಾಲು ಮುರಿದ್ರೆ ಕೊಡ್ತಾರೆ. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ರೆ ಕೊಡ್ತಾರೆ. ಮನೇಲಿ ಸಾವಾದ್ರೂ ಕೊಡ್ತಾರೆ."

"ಗಂಡ ಬಿಟ್ಟು ಹೋದ್ರೆ?"

ಬಸವರಾಜಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಅದಕ್ಕೂ ಪರಿಹಾರ ಕೊಡೋಕೆ ಹೊರಟ್ರೆ ಯಾವ ಕಂಪನಿ ಉಳಿಯುತ್ತೆ ಅಕ್ಕಾ!" ಎಂದು ಸ್ಕೂಟರಿಗೆ ಒದ್ದ.

ನಾಗವೇಣಿಯೂ ನಕ್ಕಳು. ನಗದಿದ್ದರೆ ಅವನಿಗೆ ಅರ್ಥವಾಗಿಬಿಡುತ್ತಿತ್ತು.