ನಗಬಾರದ ಜಾಗದಲ್ಲಿ ನಗಿಸುವ ಅತ್ತೆ

ನಮ್ಮ ಸೋದರತ್ತೆಯನ್ನು ನೀವು ಬೈದರೂ ಸಹಿಸಿಕೊಳ್ಳುತ್ತಾರೆ, ಅವರು ಮಾಡಿದ ಕಾಫಿಯನ್ನು ಕಲಗಚ್ಚು ಎಂದರೂ ನಕ್ಕುಬಿಡುತ್ತಾರೆ. ಆದರೆ ಅವರೆದುರು "ಪಾಪ" ಅಂದಿರೋ, ನಿಮ್ಮ ಕಥೆ ಮುಗಿಯಿತು!

ಪೋಲಿಯೋ ಬಂದ ಕಾಲನ್ನು ಎಳೆದುಕೊಂಡೇ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತಿಯಾದ ಮೇಲೆ ಎಲ್ಲರಂತೆ ಭಜನಾ ಮಂಡಳಿ ಸೇರಬಾರದಿತ್ತೆ? ಹೊನ್ನಾಳಿಯ ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ನಾಟಕದ ತಂಡ ಕಟ್ಟಿದರು. ರಾಜನಿಗೆ ಕಣ್ಣು ಕಾಣದು, ಸೇನಾಪತಿ ಗಾಲಿಕುರ್ಚಿಯಲ್ಲಿ, ಪರದೆ ಎಳೆಯುವ ಟೈಲರಿಗೆ ಕಿವಿ ಕೇಳದು. ಕಣ್ಣು, ಕಿವಿ, ಕಾಲು ಎಲ್ಲವೂ ನೆಟ್ಟಗಿರುವ ನನಗೆ ಸಿಕ್ಕಿದ ಕೆಲಸವೇನು? ಮಾತು ಮರೆತವರಿಗೆ ಸೈಡ್ ಪರದೆಯ ಹಿಂದೆ ನಿಂತು ಹೇಳಿಕೊಡುವುದು. "ಒಂದು ಪಾರ್ಟು ಕೊಡು ಅತ್ತೆ" ಎಂದು ಕೇಳಿದ್ದಕ್ಕೆ, "ನಿನಗೆ ಆಕ್ಟಿಂಗ್ ಬರಂಗಿಲ್ಲ, ಸುಮ್ನೆ ಪುಸ್ತಕ ಹಿಡ್ಕೊಂಡು ನಿಂದ್ರು" ಅಂದರು. ನಮ್ಮ ಮನೆಯ ಬೆತ್ತದ ಕುರ್ಚಿ ಮಾತ್ರ ಸಿಂಹಾಸನವಾಗಿ ಆಯ್ಕೆಯಾಯಿತು. ಅದರ ನಟನೆ ಚೆನ್ನಾಗಿತ್ತೋ ಏನೋ, ಇನ್ನೂ ವಾಪಸ್ ಬಂದಿಲ್ಲ.

ತಾಲೀಮಿನಲ್ಲಿ ಯಾರೇ "ಪಾಪ" ಅಂದರೂ ಶೆಡ್ಡು ಗುಡಿಸಬೇಕು, ಇದು ಅತ್ತೆಯ ಕಾನೂನು. ಜಗಳೂರಿನ ಪ್ರದರ್ಶನಕ್ಕೆ ಬಂದಿದ್ದ ಮುಖ್ಯ ಅತಿಥಿಗಳು ಭಾಷಣದಲ್ಲಿ ನಾಲ್ಕು ಸಲ "ಪಾಪ, ಈ ದೇವರ ಮಕ್ಕಳು" ಅಂದರು. ಕೊರಳಿನ ಹಾರ ತೆಗೆದಿಡುವುದರೊಳಗೆ ಅತ್ತೆ ಪೊರಕೆ ಹಿಡಿದು ಎದುರು ನಿಂತಿದ್ದರು.

"ನಾಕು ಸಲ ಅಂದ್ರಿ ಸಾರ್. ಸ್ಟೇಜಿಗೂ ನಾಕೇ ಮೂಲೆ ಐತೆ."

ಪುಣ್ಯಾತ್ಮರು ಗುಡಿಸಿಯೇ ಗುಡಿಸಿದರು! ಸ್ವಚ್ಛತಾ ಕಾರ್ಯಕ್ರಮ ಇರಬೇಕೆಂದು ಫೋಟೋದವರು ಓಡೋಡಿ ಬಂದರು.

ಪರದೆಯ ಕಥೆ ಇನ್ನೊಂದು. ಟೈಲರಿಗೆ ಗಂಟೆ ಬಾರಿಸಿದರೆ ಕೇಳುವುದಿಲ್ಲವಲ್ಲ, ಹಾಗಾಗಿ ಅತ್ತೆ ಕೆಂಪು ಕರವಸ್ತ್ರ ಬೀಸಿದರೆ ಪರದೆ ಬೀಳಿಸಬೇಕು. ಚನ್ನಗಿರಿಯಲ್ಲಿ ಸೆಕೆಯೋ ಸೆಕೆ. ರಾಜ ಮಂತ್ರಿಗೆ ಗಲ್ಲು ಶಿಕ್ಷೆ ವಿಧಿಸುತ್ತಿದ್ದಾನೆ, ಅತ್ತೆ ಆ ಕರವಸ್ತ್ರದಿಂದಲೇ ಗಾಳಿ ಹಾಕಿಕೊಂಡರು. ಧಡಾರ್! ಪರದೆ ಬಿತ್ತು, ಮಂತ್ರಿ ಬಚಾವಾದ. ಟೈಲರು ಹೆದರಿ ಓಡಿ ಬಂದರೆ ಅತ್ತೆ ಅವನ ಬೆನ್ನು ತಟ್ಟಿ, ನನ್ನ ಕಡೆ ತಿರುಗಿ, "ಅವನು ಸರಿಯಾಗೇ ಮಾಡಿದ. ಆ ರಾಜಂದು ಅತಿಯಾಗಿತ್ತು" ಅಂದರು.

ಹೀಗೆ ಯಾವುದಕ್ಕೂ ಬಗ್ಗದ ಅತ್ತೆ ಒಂದೇ ಒಂದು ಸಲ ಹೆದರಿ ಬೆವೆತದ್ದನ್ನು ನಾನು ನೋಡಿದ್ದೇನೆ. ತ್ಯಾವಣಿಗೆಯಿಂದ ಇಪ್ಪತ್ತೆರಡರ ಹುಡುಗಿಯೊಬ್ಬಳು ತಂಡಕ್ಕೆ ಸೇರಿದ್ದಳು. ಮಾತು ಬಹಳ ನಿಧಾನ. ಒಂದು ಪದ ಹೊರಡಬೇಕಾದರೆ ಬಾಯಿ, ಕತ್ತು, ಕೈ ಮೂರೂ ಸೇರಿ ದುಡಿಯಬೇಕು. ಅತ್ತೆ ಅವಳಿಗೆ ಕೊಟ್ಟದ್ದು ಹೆಣ್ಣು ನೋಡುವ ಹಾಸ್ಯ ನಾಟಕದಲ್ಲಿ ಮದುಮಗಳ ಪಾರ್ಟು! ವಿಷಯ ತಿಳಿದು ಅವಳ ಅಪ್ಪ ಧಾವಿಸಿ ಬಂದರು.

"ಅಕ್ಕೋರೆ, ಒಬ್ಬೇ ಒಬ್ಬರು ನನ್ನ ಮಗಳನ್ನ ನೋಡಿ ನಕ್ಕರೂ ಕರ್ಕೊಂಡು ಹೋಗ್ತೀನಿ. ಆಮೇಲೆ ಹೊಸ್ತಿಲು ದಾಟಾಕೆ ಬಿಡಂಗಿಲ್ಲ."

"ಇದು ಹಾಸ್ಯ ನಾಟಕ ಕಣಪ್ಪಾ! ಯಾರೂ ನಗಲಿಲ್ಲ ಅಂದ್ರೆ ನಾನೇ ಕಳಿಸ್ತೀನಿ!"

ನಕ್ಕರೆ ಅಪ್ಪ ಒಯ್ಯುತ್ತಾರೆ, ನಗದಿದ್ದರೆ ಅತ್ತೆ ಕಳಿಸುತ್ತಾರೆ. ಹುಡುಗಿ ಏನು ಮಾಡಬೇಕು ಹೇಳಿ?

ನ್ಯಾಮತಿಯ ಸಮುದಾಯ ಭವನ ತುಂಬಿತ್ತು. ಅಪ್ಪ ಹಿಂದಿನ ಸಾಲಿನಲ್ಲಿ, ಯಾರಾದರೂ ಹಲ್ಲು ಬಿಟ್ಟಾರೇನೋ ಎಂದು ಕಾವಲಿಗೆ ಕೂತಂತೆ ಕೂತಿದ್ದರು. ಹುಡುಗಿ ಬಂದಳು, ಮೊದಲ ಮಾತು ಆಡಿದಳು. ಯಾರೂ ನಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮುಂದಿನ ಸಾಲಿನ ಹೆಂಗಸರು ಲೊಚಗುಟ್ಟಿದರು. ನನ್ನ ಪಕ್ಕದಲ್ಲಿದ್ದ ಅತ್ತೆಯ ಮುಖ ಸಪ್ಪಗಾಯಿತು. "ನಗ್ರೋ, ನಿಮ್ಮ ದಮ್ಮಯ್ಯ, ನಗ್ರೋ" ಎಂದು ಪಿಸುಗುಟ್ಟುತ್ತಿದ್ದರು. ಆ ಹುಡುಗಿ ಮತ್ತೆ ಮನೆಯ ಮೂಲೆ ಸೇರುತ್ತಾಳಲ್ಲ ಎಂದು ನನಗೂ ಸಂಕಟವಾಯಿತು.

ಅಷ್ಟರಲ್ಲಿ ಗಂಡಿನ ತಾಯಿ ಕೇಳಿದಳು, "ಅಡುಗೆ ಮಾಡಾಕೆ ಬರ್ತದೇನಮ್ಮಾ?" ಪುಸ್ತಕದಲ್ಲಿದ್ದ ಉತ್ತರ "ಸ್ವಲ್ಪ ಬರ್ತದೆ ರೀ" ಎಂದು. ಹುಡುಗಿ ಕತ್ತು ಹೊರಳಿಸಿ ಮದುಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮರೆತಳೆಂದು ನಾನು ಉತ್ತರ ಪಿಸುಗುಟ್ಟಿದೆ. ಅವಳು ಕೈಸನ್ನೆಯಿಂದ ನನ್ನ ಬಾಯಿ ಮುಚ್ಚಿಸಿದಳು!

"ಮಾಡ್ತೀನಿ ರೀ... ತಿನ್ನಾಕೆ... ನಿಮ್ಮ ಮಗನಿಗೆ... ಧೈರ್ಯ ಐತಾ?"

ಹಿಂದಿನ ಸಾಲಿನಿಂದ ಒಬ್ಬರೇ ಒಬ್ಬರು ಹೋ ಎಂದು ನಕ್ಕರು. ಅವಳ ಅಪ್ಪ! ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲದು. ಮಿಕ್ಕವರಿಗೆ ಅಪ್ಪಣೆ ಸಿಕ್ಕಂತಾಯಿತು, ಇಡೀ ಭವನ ನಕ್ಕಿತು.

ನಾಟಕ ಮುಗಿದ ಮೇಲೆ ಅವಳ ಅಪ್ಪ ಒಳಗೆ ಬಂದರು. ಕಣ್ಣು ಕೆಂಪಾಗಿತ್ತು.

"ಊಟಕ್ಕೆ ಕೂತಾಗೆಲ್ಲ ಹಿಂಗೇ ಏನೋ ಹೇಳಾಕೆ ಬರ್ತಾಳೆ ಅಕ್ಕೋರೆ. ಪೂರ್ತಿ ಹೇಳೋತನಕ ನಾವ್ಯಾರೂ ಕಾಯ್ತಾನೇ ಇರ್ಲಿಲ್ಲ. ಇಷ್ಟು ವರ್ಷ ನನ್ನ ಮಗಳು ತಮಾಷೆ ಮಾಡ್ತಿದ್ಲು ಅಂತ ನಂಗೆ ಗೊತ್ತೇ ಆಗ್ಲಿಲ್ಲ."

ಎಲ್ಲದಕ್ಕೂ ಉತ್ತರವಿರುವ ನಮ್ಮ ಅತ್ತೆ ಅಂದು, ಬಣ್ಣ ಹಚ್ಚಿಕೊಂಡೇ ನಿಂತಿದ್ದ ಆ ಹುಡುಗಿಯನ್ನು ತಬ್ಬಿಕೊಂಡು, ನಮ್ಮೆಲ್ಲರ ಮುಂದೆಯೇ ಗಳಗಳನೆ ಅತ್ತುಬಿಟ್ಟರು.