ಎಪ್ಪತ್ಮೂರು ಬಂದ ಕಾರು

ನಾಲ್ಕು ವರ್ಷ. ವರ್ಷಕ್ಕೆ ಐವತ್ತೆರಡು ಭಾನುವಾರ. ಅಷ್ಟೂ ಭಾನುವಾರ ನಮ್ಮವರು ನನ್ನನ್ನು ಕಾರು ನೋಡುವುದಕ್ಕೆ ಎಳೆದುಕೊಂಡು ಹೋದರು. ಒಂದೂ ಕೊಳ್ಳಲಿಲ್ಲ. ಕೊನೆಗೆ ತಾವೇ ಹೋಗಿಬಿಟ್ಟರು. (ಆಂಬುಲೆನ್ಸಿನಲ್ಲಿ. ಅದಕ್ಕೆ ಎಷ್ಟು ಸಿಲಿಂಡರ್ ಅಂತ ಆ ದಿನ ಯಾರೂ ಕೇಳಲಿಲ್ಲ.)

ನಗು ಬಂದರೆ ನಗಿ. ನಾನು ಅತ್ತು ಮುಗಿಸಿದ್ದೇನೆ. ಮುಗಿಸಿದ್ದೇನೆ ಅಂದುಕೊಂಡಿದ್ದೇನೆ.

ನಮ್ಮವರು ಗಣಿತದ ಮೇಷ್ಟ್ರು. ನಾನು ಓದಿದ್ದು ಐದನೇ ಕ್ಲಾಸು. ಪರದೆ ಹೊಲಿಯುತ್ತೇನೆ. ಮನೆಮನೆಗೆ ಹೋಗಿ ಕಿಟಕಿ ಅಳೆಯುವುದು, ಹೊಲಿಯುವುದು, ಸ್ಟೂಲು ಹತ್ತಿ ನೇತುಹಾಕಿ ಬರುವುದು. ದಿನಕ್ಕೆ ಮೂರು ಮನೆ, ಕೆಲವು ದಿನ ನಾಲ್ಕು. ಬಟ್ಟೆಯ ಸುರುಳಿ, ಏಳಡಿ ಸರಳು, ಡ್ರಿಲ್ಲು, ಸ್ಟೂಲು ಎಲ್ಲ ಹೊರುವುದಕ್ಕೆ ನಮಗಿದ್ದದ್ದು ಒಂದು ಹಳೆಯ ಪುಟ್ಟ ಕಾರು, ಓಡಿಸುವವಳೂ ನಾನೇ. ಸರಳು ಅರ್ಧ ಒಳಗೆ, ಅರ್ಧ ಕಿಟಕಿಯ ಆಚೆ. ಬೀದಿಯವರು ನೋಡಿ, "ಮೀನು ಹಿಡಿಯೋಕೆ ಹೊರಟ್ರಾ?" ಅನ್ನುತ್ತಿದ್ದರು.

ಒಂದು ಶನಿವಾರ ನಮ್ಮವರಿಗೆ ಜ್ಞಾನೋದಯವಾಯಿತು.

"ಇದಾಗಲ್ಲ ಕಣೇ. ನಿನ್ನ ಕೆಲಸಕ್ಕೆ ಎಸ್‌ಯುವಿ ಬೇಕು. ದಿನಾ ಓಡಿಸೋ ಗಾಡಿ. ಹದಿನೈದು ವರ್ಷ ಕೈ ಕೊಡಬಾರದು. ನಾಲ್ಕು ಸಿಲಿಂಡರ್ ಇಂಜಿನ್ನೇ ಆಗಬೇಕು."

"ಮೂರಿದ್ರೆ ಏನಾಗುತ್ತೆ ರೀ?"

"ಮೂರು ಕಾಲಿನ ಸ್ಟೂಲೂ ನಿಲ್ಲುತ್ತೆ. ಅದನ್ನ ಹತ್ತಿ ಪರದೆ ಹಾಕ್ತೀಯಾ ನೀನು?"

"ಇಲ್ಲಪ್ಪ."

"ಅಷ್ಟೇ."

ಅದಕ್ಕೆ ಮುಂಚೆ ಭಾನುವಾರವೂ ನಾನು ಮಿಷನ್ ತುಳಿಯುತ್ತಿದ್ದೆ. ಆ ಭಾನುವಾರದಿಂದ ಮಿಷನ್ ನಿಂತಿತು, ತಿರುಗಾಟ ಶುರುವಾಯಿತು. ಒಂದು ದಿನ ಕಾಲು ಚಾಚೋಣ ಅಂದರೆ ಇಲ್ಲ. ನನ್ನ ಹಣೆಬರಹ.

ಅವರ ಪರೀಕ್ಷಾ ವಿಧಾನ ಹೇಳುತ್ತೇನೆ, ಕೇಳಿ. ಮನೆಯಿಂದ ಒಂದು ಸ್ಟೀಲ್ ಲೋಟ ಹೋಗಬೇಕು. ನನ್ನ ಚೀಲದಲ್ಲಿ. ಶೋರೂಮಿನಲ್ಲಿ ಅದಕ್ಕೆ ಕಂಠಪೂರ್ತಿ ನೀರು ತುಂಬಿ ಕಾರಿನ ಬಾನೆಟ್ಟಿನ ಮೇಲೆ ಇಡಬೇಕು. ಇಂಜಿನ್ ಶುರು ಮಾಡಿಸಬೇಕು. ನಮ್ಮವರು ಬಗ್ಗಿ, ಕನ್ನಡಕ ಹಣೆಗೇರಿಸಿ, ನೀರನ್ನೇ ನೋಡುತ್ತಾರೆ. ನೀರು ನಡುಗಿದರೆ ಕಾರು ಫೇಲು. ನಡುಗದಿದ್ದರೆ ಒಂದು ಸುತ್ತು ಓಡಿಸಿ ನೋಡುವುದು. ಅವರು ಸ್ಟಿಯರಿಂಗಿಗೆ. ನಾನು ಪಕ್ಕದ ಸೀಟಿಗೆ. ಹಂಪು ಬಂದಾಗೆಲ್ಲ ನನ್ನನ್ನು ಕೇಳುತ್ತಾರೆ. "ನಿನ್ನ ಸೊಂಟ ಏನನ್ನುತ್ತೆ?" ನನ್ನ ಸೊಂಟದ ಅಭಿಪ್ರಾಯವನ್ನು ಈ ಲೋಕದಲ್ಲಿ ಕೇಳಿದವರು ಅವರೊಬ್ಬರೇ.

ನಾವು ಹೆಚ್ಚಾಗಿ ಹೋಗುತ್ತಿದ್ದ ಶೋರೂಮಿನಲ್ಲಿ ಒಬ್ಬ ನಡುವಯಸ್ಸಿನ ಸೇಲ್ಸ್‌ಮನ್ ಇದ್ದ. ಯಾವಾಗಲೂ ನೀಲಿ ಟೈ. ನಾವು ಅವನನ್ನು ಟೈ ಅಂತಲೇ ಕರೆಯುತ್ತಿದ್ದೆವು. ಮೊದಲ ತಿಂಗಳು ಬಾಗಿಲಿಗೆ ಬಂದು ಕರೆದುಕೊಂಡು ಹೋದ. ಎರಡನೇ ವರ್ಷ ಲೋಟ ಕಂಡರೆ ಕಂಬದ ಹಿಂದೆ ನಿಲ್ಲುತ್ತಿದ್ದ. ಟೈ ಮಾತ್ರ ಹೊರಗೆ ಕಾಣುತ್ತಿತ್ತು.

"ಹತ್ತು ವರ್ಷ ಆದ ಮೇಲೂ ಇದರ ಸ್ಪೇರ್ ಪಾರ್ಟ್ಸ್ ಸಿಗುತ್ತಾ?" ನಮ್ಮವರ ಪ್ರಶ್ನೆ.

"ಖಂಡಿತ ಸರ್."

"ಬರೆದು ಕೊಡ್ತೀರಾ?"

"ಸರ್... ಇಲ್ನೋಡಿ ಸರ್, ಇಷ್ಟು ದೊಡ್ಡ ಸ್ಕ್ರೀನು. ಬೆರಳಲ್ಲಿ ಮುಟ್ಟಿದ್ರೆ ಸಾಕು."

"ಪರದೆ ಹಾಕೋಕೆ ನಮ್ಮನೆಯವಳೇ ಇದಾಳೆ. ನನಗೆ ತಿರುಗಿಸೋ ಗುಂಡಿ ಸಾಕು."

ಮನೆಗೆ ಬಂದ ಮೇಲೆ ನನ್ನ ಅಳತೆ ಪುಸ್ತಕ ತೆಗೆದು, ಹಿಂದಿನ ಕಡೆಯಿಂದ ತಿರುಗಿಸಿಕೊಂಡು, ಶೋರೂಮಿನವರು ಕೊಟ್ಟ ಕಾಗದ ನೋಡಿ ಕೆಂಪು ಪೆನ್ನಿನಲ್ಲಿ ಏನೋ ಬರೆಯುತ್ತಿದ್ದರು. ನಾನು ಇಣುಕಿದವಳಲ್ಲ.

ಹೀಗೇ ನಾಲ್ಕು ವರ್ಷ. ಒಂದು ದಿನ ಶಾಲೆಯಲ್ಲಿ ಬೋರ್ಡಿನ ಮುಂದೆ ಕುಸಿದರಂತೆ. ಅರ್ಧ ಲೆಕ್ಕ ಬರೆದಿದ್ದರಂತೆ. ಆಸ್ಪತ್ರೆಯಲ್ಲಿ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೃದಯದಲ್ಲಿ ನಾಲ್ಕು ಕೋಣೆ ಇರುತ್ತೆ ಅಂದರು.

"ನಾಲ್ಕೂ ಇತ್ತಾ ಇವರಿಗೆ?" ಅಂದೆ.

"ನಾಲ್ಕೂ ಇತ್ತಮ್ಮ."

"ಮತ್ತೆ ಯಾಕೆ ನಿಂತಿತು?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಮಗಳು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದಳು. ಹದಿನೈದು ವರ್ಷ ಬಾಳುವ ಗಾಡಿ ಹುಡುಕಿದ ಮನುಷ್ಯ. ಐವತ್ತೊಂಬತ್ತಕ್ಕೆ ನಿಂತರು.

ಮೂರು ತಿಂಗಳಾದ ಮೇಲೆ ಹಳೆಯ ಕಾರೂ ನಿಂತಿತು. ಸೇತುವೆಯ ಮೇಲೆ, ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ, ಸರಳುಗಳನ್ನು ಹೊರಗೆ ಚಾಚಿಕೊಂಡು. ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ, ಮತ್ತೆ ಮುಚ್ಚಿ, ಅದರ ಮೇಲೆ ಒಂದು ಸಲ ಕೈಯಿಟ್ಟ. ನಮ್ಮವರ ಮೇಲೆ ಹೊದಿಕೆ ಎಳೆದು ಡಾಕ್ಟರೂ ಹಾಗೇ ಮಾಡಿದ್ದರು. ನಾನು ಕೇಳಲಿಲ್ಲ. ತಿಳಿಯಿತು.

ಕಾರಿಲ್ಲದೆ ನನ್ನ ಕೆಲಸ ಇಲ್ಲ. ಸ್ಟೂಲು ಹೊತ್ತುಕೊಂಡು ಬಸ್ಸು ಹತ್ತಿ ನೋಡಿದೆ. ಕಂಡಕ್ಟರು ಸ್ಟೂಲಿಗೂ ಟಿಕೆಟ್ ಕೇಳಿದ. ಎರಡು ಮನೆಯವರು ಕಾದು ಕಾದು ಬೇರೆಯವರಿಗೆ ಹೇಳಿದರು.

ಮಗಳು ಲ್ಯಾಬಿನಲ್ಲಿ ಇದ್ದಾಳೆ. ಜನರ ರಕ್ತ ತೆಗೆಯುವ ಕೆಲಸ. ಮನೆಗೆ ಬಂದರೂ ಅಭ್ಯಾಸ ಬಿಡುವುದಿಲ್ಲ.

"ಅಮ್ಮಾ, ಕಾರಿಗೆ ಅಂತ ಅಪ್ಪ ಎತ್ತಿಟ್ಟಿದ್ದು ಹಾಗೇ ಇದೆಯಲ್ಲ. ಯಾವುದೋ ಒಂದು ಕಾರು ತಗೋ."

"ಯಾವುದೋ ಒಂದಾ? ನಿಮ್ಮಪ್ಪ ನಾಲ್ಕು ವರ್ಷ ನೋಡಿದ್ದು ಯಾವುದೋ ಒಂದು ತಗೊಳ್ಳೋಕಾ?"

"ನೋಡ್ತಾನೇ ಇದ್ದರೆ ನಿನಗೂ ವಯಸ್ಸಾಗುತ್ತೆ."

"ಆಗಲಿ. ಅವರು ಯಾವುದನ್ನ ತಗೋತಿದ್ರೋ ಅದೇ ತಗೋತೀನಿ."

ಹಠ ಅಂದಳು. ಹಠವೇ. ಅವರು ಒಂದು ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದ್ದರು. ಅದನ್ನು ನಾನು ಕೆಡಿಸಬಾರದು. ಅವರಿಗೆ ಅಂತ ಮಾಡುವುದಕ್ಕೆ ನನಗೆ ಬೇರೇನೂ ಉಳಿದಿರಲಿಲ್ಲ. ಅನ್ನ ಬಡಿಸುವ ಹಾಗಿಲ್ಲ. ಶರ್ಟಿನ ಗುಂಡಿ ಹಾಕುವ ಹಾಗಿಲ್ಲ.

ಆಗ ಅಳತೆ ಪುಸ್ತಕ ನೆನಪಾಯಿತು. ಹಿಂದಿನಿಂದ ತೆಗೆದೆ.

ಪುಟಕ್ಕೊಂದು ಕಾರು. ಕಂಪನಿಯ ಹೆಸರಿನ ಕೆಳಗೆ ಇವರು ಇಟ್ಟ ಅಡ್ಡಹೆಸರು. ಒಂದಕ್ಕೆ 'ಬಿಳಿ ಬೀರು'. ಒಂದಕ್ಕೆ 'ಗೊರಕೆ'. ಆಮೇಲೆ ಅಚ್ಚು ಹಾಕಿದಂಥ ಅಕ್ಷರದಲ್ಲಿ: ನಾಲ್ಕು ಸಿಲಿಂಡರ್. ಗೇರು ಸಲೀಸು. ಲೋಟ ಪಾಸ್. ಸೊಂಟ ಪಾಸ್. ಪುಟದ ಕೊನೆಗೆ ಕೆಂಪು ಪೆನ್ನಿನಲ್ಲಿ ಒಂದು ಸಂಖ್ಯೆ, ಅದರ ಸುತ್ತ ಒಂದು ಸೊನ್ನೆ.

ಮಾರ್ಕ್ಸು! ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ. ಬಿಳಿ ಬೀರುವಿಗೆ ಅರವತ್ತೊಂಬತ್ತು. ಗೊರಕೆಗೆ ಎಪ್ಪತ್ತು. ಇನ್ನೊಂದಕ್ಕೆ ಎಪ್ಪತ್ತೊಂದು. ನಮ್ಮವರ ಕೈ ಬಿಗಿ. ಶಾಲೆಯಲ್ಲೂ ಎಪ್ಪತ್ತೈದು ದಾಟಿಸಿದವರಲ್ಲ. ಮೊದಲನೇ ಪುಟದಲ್ಲಿ ಕಾರಿನ ಹೆಸರಿಲ್ಲ. 'ನಮ್ಮದು' ಅಂತ ಬರೆದು ಅರವತ್ನಾಲ್ಕು ಕೊಟ್ಟಿದ್ದರು. ನಮ್ಮ ಸಂಸಾರಕ್ಕೇ ಕೊಟ್ಟರೋ ಏನೋ ಅಂತ ಒಂದು ಗಳಿಗೆ ಹೆದರಿದೆ. ಆಮೇಲೆ ಸಮಾಧಾನ ಮಾಡಿಕೊಂಡೆ. ಹಳೆಯ ಕಾರಿಗಿರಬೇಕು. (ಸಂಸಾರಕ್ಕೇ ಆಗಿದ್ದರೂ ಫಸ್ಟ್ ಕ್ಲಾಸೇ ಅಲ್ಲವೇ?)

ಎಲ್ಲ ಪುಟ ತಿರುವಿದೆ. ಎಲ್ಲಕ್ಕಿಂತ ಹೆಚ್ಚು ಒಂದಕ್ಕೆ ಮಾತ್ರ. ಅಡ್ಡಹೆಸರು 'ದೊಡ್ಡಣ್ಣ'. ಎಪ್ಪತ್ಮೂರು.

ಮಗಳಿಗೆ ಹೇಳಲಿಲ್ಲ. ಪುಸ್ತಕ, ಲೋಟ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಶೋರೂಮಿಗೆ ಹೋದೆ. ಟೈ ಕಂಬದ ಹಿಂದಿನಿಂದ ಬಂದ.

"ಸರ್ ಬರಲಿಲ್ವಾ ಮೇಡಂ?"

"ಸತ್ತು ಹೋದರು."

"ಅಯ್ಯೋ ಮೇಡಂ..." ಅಂದ. ನೆಲ ನೋಡಿದ. ಎಷ್ಟು ಹೊತ್ತು ನೋಡಬೇಕೋ ತಿಳಿಯದೆ ತಲೆಯೆತ್ತಿದ. "ಹೊಸ ಕಲರ್ ಬಂದಿದೆ ಮೇಡಂ."

ಲೋಟ ಕೊಟ್ಟೆ. ಅವನೇ ನೀರು ತುಂಬಿ ತಂದು ದೊಡ್ಡಣ್ಣನ ಬಾನೆಟ್ಟಿನ ಮೇಲಿಟ್ಟ. ಇಂಜಿನ್ ಶುರು ಮಾಡಿದ. ನಾನು ಬಗ್ಗಿ ನೋಡಿದೆ. ನೀರು ನಿಂತ ಕೆರೆಯ ಹಾಗಿತ್ತು. ಹೊರಗೆ ಒಂದು ಸುತ್ತು ಓಡಿಸಿದೆ. ಹಂಪು ಬಂತು. ಸೊಂಟದ ವಿಷಯ ಯಾರೂ ಕೇಳಲಿಲ್ಲ. ನಾನೇ, "ಪಾಸು" ಅಂದೆ.

"ಏನಂದ್ರಿ ಮೇಡಂ?"

"ಇದೇ ಕೊಡಿ ಅಂದೆ."

ಟೈ ನಂಬಲಿಲ್ಲ. ಎರಡು ಸಲ ಕೇಳಿದ. ಅವನ ಕಣ್ಣಲ್ಲಿ ನೀರು ಬಂತು. ನಮ್ಮವರು ಸತ್ತದ್ದಕ್ಕೆ ಬಂದಿರಲಿಲ್ಲ.

ಹತ್ತು ದಿನದ ಮೇಲೆ ಹೊಸ ನಂಬರು ಹಾಕಿಸಿಕೊಂಡು, ಟೈಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೊಡ್ಡಣ್ಣನನ್ನು ನಾನೇ ಓಡಿಸಿಕೊಂಡು ಬಂದೆ. ಬೀದಿಯವರು ಹೊರಗೆ ಬಂದು ನಿಂತರು. ಯಾರೂ ಮೀನಿನ ಮಾತೆತ್ತಲಿಲ್ಲ. ಏಳಡಿ ಸರಳೂ ಒಳಗೇ ಹಿಡಿಸುವಷ್ಟು ಉದ್ದದ ಗಾಡಿ. ನಾನು ಕತ್ತು ಸೆಟೆಸಿಕೊಂಡು ನಮ್ಮ ಗೇಟಿಗೆ ತಿರುಗಿಸಿದೆ.

ಕರ್ರ್ ಅಂದಿತು.

"ಸ್ವಲ್ಪ ಎಡಕ್ಕೆ ಬಾಮ್ಮಾ!" ಪಕ್ಕದ ಮನೆಯ ರಿಟೈರಾದ ಅಂಚೆಯವರು ಕೂಗಿದರು.

ಎಡಕ್ಕೆ ಬಂದೆ. ಎಡಗಡೆ ಕರ್ರ್ ಅಂದಿತು.

"ಬಲಕ್ಕೆ, ಬಲಕ್ಕೆ! ಕನ್ನಡಿ ಮಡಚಿ!"

ಕನ್ನಡಿ ಮಡಚಿದೆವು. ಹಿಂದೆ ಹೋಗಿ ನೇರ ಬಂದೆ. ಎರಡೂ ಕಡೆ ಒಟ್ಟಿಗೆ ಕರ್ರ್ ಅಂದಿತು. ಅಂಚೆಯವರು ಕೈ ಇಳಿಸಿದರು. ಜೀವಮಾನವೆಲ್ಲ ದೊಡ್ಡ ಲಕೋಟೆಗಳನ್ನು ಸಣ್ಣ ಡಬ್ಬಿಗೆ ತುರುಕಿದವರು. "ಇದು ಹೋಗಲ್ಲ ತಾಯಿ" ಅಂದರು.

ಇಳಿದೆ. ಇಂಚುಪಟ್ಟಿ ಯಾವಾಗಲೂ ನನ್ನ ಕುತ್ತಿಗೆಯಲ್ಲೇ ಇರುತ್ತದೆ. ಗೇಟು ಅಳೆದೆ. ಈ ಕಂಬದಿಂದ ಆ ಕಂಬಕ್ಕೆ ಅರವತ್ನಾಲ್ಕು ಇಂಚು. ಎಲ್ಲೋ ನೋಡಿದ ಸಂಖ್ಯೆ ಅನ್ನಿಸಿತು. ಕಾರಿನ ಮುಂದೆ ಹೋಗಿ ಈ ಪಕ್ಕದಿಂದ ಆ ಪಕ್ಕಕ್ಕೆ ಹಿಡಿದೆ.

ಎಪ್ಪತ್ಮೂರು.

ಬೀದಿಯಲ್ಲೇ ಕೂತುಬಿಟ್ಟೆ.

ಮಾರ್ಕ್ಸಲ್ಲ. ಅಗಲ. ಅಳತೆ ಪುಸ್ತಕದಲ್ಲಿ ಇನ್ನೇನು ಬರೆಯುತ್ತಾರೆ? ಅದೇ ಪುಸ್ತಕದ ಮುಂದಿನ ಕಡೆ ನಾನೇ ಸಾವಿರ ಸಲ ಬರೆದಿದ್ದೇನೆ. ಹಾಲಿನ ಕಿಟಕಿ ಎಪ್ಪತ್ತೆರಡು. ಅಡುಗೆಮನೆ ನಲವತ್ತೆಂಟು. ಇಂಚು ಅಂತ ಬರೆಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಎಲ್ಲವೂ ಇಂಚೇ. ಊರ ಕಿಟಕಿಗಳನ್ನೆಲ್ಲ ಅಳೆದವಳು ಗಂಡ ಬರೆದಿಟ್ಟ ಅಳತೆಯನ್ನು ಮಾರ್ಕ್ಸ್ ಅಂದುಕೊಂಡೆ. ಇದ್ದ ಕಾರುಗಳಲ್ಲೆಲ್ಲ ಅತಿ ಅಗಲದ್ದನ್ನೇ ಹುಡುಕಿ ತಂದೆ.

"ವಾಪಸ್ ತಗೋತೀರಾ?" ಅಂತ ಟೈಯನ್ನು ಕೇಳಿದೆ.

"ನಂಬರ್ ಬಿದ್ದ ಮೇಲೆ ಆಗಲ್ಲ ಮೇಡಂ" ಅಂದ. ಬಸ್ಸು ಹಿಡಿದು ಹೋದ. ಬೇಗ ಬೇಗ ಹೋದ.

ಗೇಟು ಅಗಲ ಮಾಡಿಸಿ ಅಂತ ನೀವು ಹೇಳುತ್ತೀರಿ. ಒಂದು ಕಂಬ ಪಕ್ಕದ ಮನೆಯವರದು. ಇನ್ನೊಂದರ ಮೇಲೆ ನಮ್ಮ ಮಹಡಿ ಮೆಟ್ಟಿಲು ನಿಂತಿದೆ. ಅದನ್ನು ಕೆಡವಿದರೆ ಜಗಳ, ಇದನ್ನು ಕೆಡವಿದರೆ ಮನೆ.

ಸಂಜೆ ಮಗಳು ಬಂದಳು. ಕಾರು ನೋಡಿದಳು. ಕಂಬ ನೋಡಿದಳು. ಪುಸ್ತಕ ಕೈಗೆ ಕೊಟ್ಟೆ. ಮೊದಲನೇ ಪುಟ ನೋಡಿ ನಕ್ಕಳು, ಅದೇ ಉಸಿರಿಗೆ ಅತ್ತಳು.

"ನೋಡೇ ನಿಮ್ಮಪ್ಪನ ಕೆಲಸ!" ಅಂದೆ. "ಮೊದಲನೇ ಭಾನುವಾರವೇ ಗೇಟು ಅಳೆದಿಟ್ಟಿದ್ದಾರೆ. ಒಂದು ಕಾರೂ ಒಳಗೆ ಬರಲ್ಲ ಅಂತ ಗೊತ್ತು. ಗೊತ್ತಿದ್ದೂ ನಾಲ್ಕು ವರ್ಷ ನನ್ನ ಎಳೆದಾಡಿದ್ರಲ್ಲ, ಎಂಥ ಮನುಷ್ಯ!"

"ಯಾರು ಯಾರನ್ನ ಎಳೆದಾಡಿದ್ದು?"

"ಇನ್ಯಾರು? ಅವರು, ನನ್ನನ್ನ!"

"ಅಮ್ಮಾ. ಭಾನುವಾರ ಏಳೂವರೆಗೇ ಒಳ್ಳೆ ಬಟ್ಟೆ ಹಾಕ್ಕೊಂಡು, ಲೋಟ ಚೀಲಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಲ್ತಿದ್ದೋರು ಯಾರು? ಅಪ್ಪ ಇನ್ನೂ ಬನಿಯನ್ನಲ್ಲಿ ಇರೋರು. 'ರೀ, ಇವತ್ತು ಯಾವ ಕಾರು?' ಅಂತ ಕೂಗ್ತಿದ್ದೋರು ಯಾರು?"

ನಾನು ಕುತ್ತಿಗೆಯ ಇಂಚುಪಟ್ಟಿ ತೆಗೆದು ಸುತ್ತತೊಡಗಿದೆ. (ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.)

"ನೀನು ಭಾನುವಾರ ಮಿಷನ್ ಬಿಟ್ಟು ಎದ್ದಿದ್ದನ್ನ ನಾನು ನೋಡಿದ್ದೇ ಆ ನಾಲ್ಕು ವರ್ಷ" ಅಂದಳು. ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟು ಕೈ ಕಾಲು ತೊಳೆಯಲು ಹೋದಳು. ಹೇಳಿದೆನಲ್ಲ. ರಕ್ತ ತೆಗೆಯುವುದು ಅವಳ ಕಸುಬು.

ಅಂದಿನಿಂದ ದೊಡ್ಡಣ್ಣ ಬೀದಿಯಲ್ಲೇ ಇದ್ದಾನೆ. ಗೇಟಿಗೆ ಅಡ್ಡ. ನಾವು ಒಳಗೆ ಹೋಗಬೇಕಾದರೆ ಅಡ್ಡಡ್ಡ ನುಸುಳಬೇಕು. ಅವನಿಗೊಂದು ಹೊದಿಕೆ ಹೊಲಿದೆ. ಅಗಲ ಎಪ್ಪತ್ಮೂರು, ಮಡಿಕೆಗೆ ಎರಡೆರಡು ಬಿಟ್ಟು. ಸರಿಯಾಗಿ ಕೂತಿತು. ಇಂಜಿನ್ನಿನ ಬಗ್ಗೆ ಒಂದು ಮಾತಿಲ್ಲ. ದಿನಾ ನಾಲ್ಕು ಮನೆ ತಿರುಗಿದರೂ ಲೋಟದ ನೀರು ಅಲುಗುವುದಿಲ್ಲ. ಮೇಷ್ಟ್ರ ಲೆಕ್ಕ ತಪ್ಪಿರಲಿಲ್ಲ. ಓದಿದವಳು ತಪ್ಪು ಓದಿದೆ.

ಹೋದ ಶನಿವಾರ ಟೈ ಫೋನು ಮಾಡಿದ. ಹೆದರಿಕೊಂಡೇ ಮಾತಾಡಿದ.

"ಮೇಡಂ, ಹೊಸ ಮಾಡೆಲ್ ಬಂದಿದೆ. ನಾಲ್ಕು ಸಿಲಿಂಡರ್. ಅಗಲ ಸ್ವಲ್ಪ ಕಮ್ಮಿ."

"ಎಷ್ಟು?"

"ಅರವತ್ತೆಂಟು ಇಂಚು ಮೇಡಂ. ನಾನೇ ಅಳೆದೆ."

ಅದೂ ಒಳಗೆ ಬರುವುದಿಲ್ಲ. ನಾಲ್ಕು ಇಂಚು ಹೆಚ್ಚು.

"ನಾಳೆ ಬರ್ತೀನಿ" ಅಂದೆ.

ಭಾನುವಾರ ಏಳೂವರೆಗೆ ಒಳ್ಳೆ ಬಟ್ಟೆ ಹಾಕಿಕೊಂಡು, ಲೋಟ ಚೀಲಕ್ಕೆ ಹಾಕಿಕೊಂಡು ಹೊರಟೆ. "ಮತ್ತೆ ಕಾರು ತಗೋತೀಯಾ ಅಮ್ಮಾ?" ಅಂತ ಮಗಳು ಗಾಬರಿಯಾದಳು. "ತಗೊಳ್ಳೋಕೆ ಯಾರು ಹೋಗ್ತಾರೆ?" ಅಂದೆ.

ಗೇಟಿನಿಂದ ಅಡ್ಡಡ್ಡ ನುಸುಳಿ ಕಾರು ಹತ್ತಿದೆ. ಬಾಗಿಲು ಹಾಕಿಕೊಂಡೆ. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾದೆ. ಬನಿಯನ್ನಿನಲ್ಲೇ ಇದ್ದಾರೇನೋ, ಇನ್ನೂ ಬರಲಿಲ್ಲವಲ್ಲ ಅಂದುಕೊಂಡೆ.

ಆಮೇಲೆ ನೋಡಿದೆ. ಸ್ಟಿಯರಿಂಗು ಪಕ್ಕದ ಸೀಟಿನ ಮುಂದಿತ್ತು. ಇಳಿದು, ಎಪ್ಪತ್ಮೂರು ಇಂಚು ಸುತ್ತಿಕೊಂಡು, ಆ ಕಡೆಯಿಂದ ಹತ್ತಿದೆ.