ಹೋಗಲಾರದ ನೋಡಿದ ಜಲದುರ್ಗ

"ಸುಳ್ಳು ಹೇಳಬಾರದು" ಅಂತ ದಿನಾ ಬೋರ್ಡಿನ ಮ್ಯಾಲೆ ಬರದು ಹುಡುಗರ ಕೈಲೆ ತಿದ್ದಿಸೂ ಕೈ ನಂದು. ಬಾಯಿ ಮಾತ್ರ ಆ ಕೈ ಮಾತು ಕೇಳಂಗಿಲ್ಲ. ಅದಕ್ಕ ನನ್ನ ಟೀಚರ್ ನೌಕರಿಯೊಳಗ ಇಂಥ ಫಜೀತಿ ಆಗತಾನ ಇರ್ತಾವ.

೧. ಬೆಳಿಯೂ ಮೊಸಳಿ

ಮನಿ ಸಿಂಧನೂರಾಗ, ಸಾಲಿ ಬಳಗಾನೂರು ಕಡೆ. ಹದಿನೆಂಟು ವರ್ಷದ ಹಿಂದ, ಹೊಸದಾಗಿ ನೌಕರಿಗೆ ಸೇರಿದಾಗ, ದ್ವೀಪದ ಪಾಠ ಮಾಡಾಕತ್ತಿದ್ದೆ. ಒಂದು ಹುಡುಗಿ ಎದ್ದು ನಿಂತು, "ಟೀಚರ್, ನೀವು ದ್ವೀಪ ನೋಡೀರೇನ್ರಿ?" ಅಂತು. ಇಲ್ಲ ಅನ್ನಾಕ ನಾಚಿಕಿ ಬಂತು.

"ನೋಡಲಾರದೇನ? ಲಿಂಗಸುಗೂರು ಕಡೆ ಕೃಷ್ಣಾ ಹೊಳಿ ನಡುವ ಜಲದುರ್ಗ ಐತಲ್ಲ, ಹರಗೋಲಾಗ ಕುಂತು ಹೋಗಿ ಬಂದೀನಿ" ಅಂದೆ.

ಖರೇ ಅಂದ್ರ ನಾ ಮಸ್ಕಿ ದಾಟಿ ಆ ಕಡೆ ಹೋಗಿದ್ದಿಲ್ಲ. ಆದ್ರ ವರ್ಷಾ ಅದ ಪಾಠ, ಅದ ಪ್ರಶ್ನಿ. ಮೂರನೇ ವರ್ಷಕ್ಕ ಹರಗೋಲಿನ ಹಿಂದ ಒಂದು ಮೊಸಳಿ ಬಂತು. ಐದನೇ ವರ್ಷಕ್ಕ ನಾನ ಹುಟ್ಟು ತಗೊಂಡು ಅದರ ಮುಸಡಿಗೆ ಬಾರಿಸಿದೆ. ಈ ಗುಟ್ಟು ಗೊತ್ತಿದ್ದಾಕಿ ನಮ್ಮತ್ತಿ ಒಬ್ಬಾಕೆನ. ಪ್ರತಿ ವರ್ಷ ಸಾಲಿ ಸುರು ಆತಂದ್ರ ಕೇಳ್ತಾಳ, "ಯವ್ವಾ, ಆ ಮೊಸಳಿ ಈ ವರ್ಷ ಎಷ್ಟು ಉದ್ದ ಆಗೈತಿ?"

೨. ಬುತ್ತಿ ಡಬ್ಬಿ

ಈ ವರ್ಷ ನಮ್ಮ ಹೆಡ್ ಮಾಸ್ತರ್ರು, "ಐತವಾರ ಟೀಚರ್ ಮಂದಿ ಎಲ್ಲಾರೂ ಜಲದುರ್ಗಕ್ಕ ಹೋಗೂಣು. ದಾರಿ ತೋರಸಾಕ ನಮ್ಮ ಟೀಚರ್ ಅದಾರಲ್ಲ!" ಅಂತ ನನ್ನ ಕಡೆ ಕೈ ಮಾಡಿದ್ರು. ಹದಿನೆಂಟು ವರ್ಷದ ಮಾನ ಒಂದ ದಿವಸಕ್ಕ ಹೋಗತೈತಲ್ಲಪಾ! ಜ್ವರರೆ ಬರಲಿ ಅಂತ ದೇವರಿಗೆ ಕೈ ಮುಗಿದೆ. ಒಂದು ಸೀನೂ ಬರಲಿಲ್ಲ.

ಬುತ್ತಿ ಕಟ್ಟಾಕ ಅತ್ತಿ ತನ್ನ ತವರಿನ ದೊಡ್ಡ ಸ್ಟೀಲಿನ ಡಬ್ಬಿ ಇಳಿಸಿಕೊಟ್ಟಳು. ಕಡಕ ರೊಟ್ಟಿ, ಶೇಂಗಾ ಹೋಳಿಗಿ ತುಂಬಿ, ಮುಚ್ಚಳ ಒತ್ತಿ ಹೇಳಿದ್ಲು, "ನೀ ಬರೂದು ಸ್ವಲ್ಪ ತಡಾ ಆದ್ರೂ ಚಿಂತಿಲ್ಲ, ಡಬ್ಬಿ ಮಾತ್ರ ಹೊತ್ತು ಮುಣಗೂದ್ರಾಗ ಬರಬೇಕು."

೩. ಸೇತುವಿ

ಐತವಾರ ಎಲ್ಲಾರೂ ಒಂದ ಗಾಡ್ಯಾಗ ಲಿಂಗಸುಗೂರು ದಾಟಿದ್ವಿ. ಹೊಳಿ ಬಂತು. ನೋಡ್ತೀನಿ, ಹೊಳಿ ಮ್ಯಾಲೆ ಸೇತುವಿ! ಗಾಡಿ ಆರಾಮ ದಾಟಾಕತ್ತಿತು.

"ಟೀಚರ್, ಹರಗೋಲು ಎಲ್ರಿ?" ಅಂದ್ರು ಹೆಡ್ ಮಾಸ್ತರ್ರು.

"ನಾ ಬಂದಾಗ ಡ್ಯಾಮಿನಿಂದ ನೀರು ಬಿಟ್ಟಿದ್ರು ಸರ್, ಸೇತುವಿ ಮುಳುಗಿತ್ತು."

"ಸೇತುವಿ ಮುಳುಗೂವಷ್ಟು ನೀರಾಗ ಹರಗೋಲು ಹಾಕಿದ್ರಾ?"

"ಹೂಂ ರೀ, ಅದಕ್ಕ ಮೊಸಳಿಗೂ ಸಿಟ್ಟು ಬಂದಿತ್ತು" ಅಂದೆ.

೪. ಕ್ವಾಟಿ ಮ್ಯಾಲಿನ ಅಜ್ಜಿ

ಕಲ್ಲು, ಮುಳ್ಳು, ಮುರಕ ಮೆಟ್ಟಲಾ ಹತ್ತಿ ಕ್ವಾಟಿ ಮ್ಯಾಲೆ ಬಂದ್ವಿ. ಕೆಳಗ ನೋಡಿದ್ರ ಕರೇ ಬಂಡೆಗಳ ನಡುವ ಹೊಳಿ ಎರಡು ಸೀಳಾಗಿ ನಡುಗಡ್ಡಿ ಸುತ್ತ ಹರದಿತ್ತು. ನಾ ಪಾಠದಾಗ ಹೇಳಿದ್ದರ ಹತ್ತು ಪಟ್ಟು ಚಂದ ಇತ್ತು. ಇಷ್ಟು ಹತ್ರ ಇದ್ದೂ ಬರಲಿಲ್ಲಲ್ಲ ಅಂತ ಕಣ್ಣಾಗ ನೀರ ಬಂದ್ವು.

"ಏನ್ ಟೀಚರ್, ಮೊದಲನೇ ಸಲ ನೋಡಿದಂಗ ಮಾಡಾಕತ್ತೀರಲ್ಲ?" ಅಂದ್ರು ಹೆಡ್ ಮಾಸ್ತರ್ರು. ಮುಗೀತು ನನ್ನ ಕತಿ ಅಂದ್ಕೊಂಡೆ.

ಅಷ್ಟರಾಗ ಅಲ್ಲೇ ಆಡು ಮೇಯಿಸಾಕತ್ತಿದ್ದ ಒಬ್ಬ ಅಜ್ಜಿ ಓಡಿ ಬಂದು ನನ್ನ ಗದ್ದ ಹಿಡದ್ಲು. "ಅಯ್ಯ ನಮ್ಮವ್ವಾ, ಬಂದೇನು! ಹೋದ ಬ್ಯಾಸಿಗ್ಯಾಗ ಬಂದಿದ್ದ ಟೀಚರವ್ವ ಅಲ್ಲೇನು ನೀ?"

ನನ್ನಂಗ ಕನ್ನಡಕ ಹಾಕಿದ ಟೀಚರ್ ಎಲ್ಲಾರೂ ಆಕಿ ಕಣ್ಣಿಗೆ ಒಂದ ಅಂತ ಕಾಣತೈತಿ. ದೇವರ ಬಂದಂಗಾತು. "ಹೂಂ ಬೇ ಯಮ್ಮಾ, ನಾನ!" ಅಂದೆ. ಹೆಡ್ ಮಾಸ್ತರ್ರ ಮಾರಿ ಸಪ್ಪಗಾತು.

"ಹಂಗಾರ ನನ್ನ ಡಬ್ಬಿ ಎಲ್ಲೈತಿ?" ಅಂದ್ಲು ಅಜ್ಜಿ. "ಉಪ್ಪಿನಕಾಯಿ ತುಂಬಿ ಕೊಟ್ಟಿದ್ನಲ್ಲ, ವಾರದಾಗ ಮುಟ್ಟಸ್ತೀನಿ ಅಂದಿದ್ದಿ!"

ನಮ್ಮ ಕಡೆ ತುಂಬಿ ಕೊಟ್ಟ ಡಬ್ಬಿ ಇಟ್ಕೊಳ್ಳೂದು ಅಂದ್ರ ಅದಕ್ಕಿಂತ ನಾಚಿಕಿಗೇಡಿ ಕೆಲಸ ಇನ್ನೊಂದಿಲ್ಲ. ತಿರುಗಿ ಕೊಡೂ ಮುಂದೂ ಬರಿದ ಕೊಡಂಗಿಲ್ಲ. ಟೀಚರ್ ಮಂದಿ ಎಲ್ಲಾ ನನ್ನನ್ನ ನೋಡಾಕತ್ತಿತು. ನಾನಲ್ಲ ಅಂದ್ರ ಸುಳ್ಳುಬುರುಕಿ, ನಾನ ಅಂದ್ರ ಡಬ್ಬಿಗಳ್ಳಿ. ಅತ್ತ ದರಿ, ಇತ್ತ ಪುಲಿ.

"ತಂದೀನಲ್ಲ ಬೇ, ಮರಿತೀನೇನು!" ಅಂದು, ಚೀಲದಾಗಿನ ಅತ್ತಿ ಡಬ್ಬಿನ ಉಂಡು ಉಳಿದ ರೊಟ್ಟಿ ಹೋಳಿಗಿ ಸಮೇತ ಆಕಿ ಕೈಯಾಗ ಇಟ್ಟೆ. ಅಜ್ಜಿ ಬೆರಳಲೆ ಬಡದು ನೋಡಿ, "ನಂದು ಇಷ್ಟು ದೊಡ್ಡದಿದ್ದಿಲ್ಲ. ಇರಲಿ, ನಡೀತೈತಿ" ಅಂದ್ಲು.

ಸಂಜೀಕ ಮನಿಗೆ ಬಂದೆ. ಬಾಗಲಾಗ ನಿಂತಿದ್ದ ಅತ್ತಿ ನನ್ನ ಮಾರಿ ನೋಡಲಿಲ್ಲ, ಕೈ ನೋಡಿದ್ಲು. ನಡದದ್ದನ್ನೆಲ್ಲಾ ಒಂದೂ ಬಿಡಲಾರದ ಖರೇನ ಹೇಳಿದೆ. ಕೇಳಿ, ತಲಿ ಮ್ಯಾಲೆ ಕೈ ಹೊತ್ತು ಕುಂತ್ಲು.

"ಹದಿನೆಂಟು ವರ್ಷ ಹೋಗಲಾರದ ಹೋಗೀನಿ ಅಂದಿ, ಮನಿಯಾಗಿನ ಒಂದು ಚಮಚಾನೂ ಕಳೀಲಿಲ್ಲ. ಒಮ್ಮೆ ಖರೇ ಹೋದಿ ನೋಡು, ನನ್ನ ತವರಿನ ಡಬ್ಬಿನ ಹೋತು!"